ಅಡಕೆ ಸಿಪ್ಪೆಯ ಪೆಟ್ಟಿಗೆಯಲ್ಲಿ ಕುಚ್ಚಲಕ್ಕಿ ಅನ್ನ

ಮೀಟಿಂಗಿನ ನಡುವೆ ಕುಕ್ಕರ್ ಕೂಗಿದ್ದು ಅದು ಮೂರನೇ ದಿನ. ಆಚೆ ಕಡೆಯವರೊಬ್ಬರು ನಗುತ್ತಾ, "ನಿಮ್ಮ ಮನೆ ರೈಲ್ವೆ ಸ್ಟೇಶನ್ ಪಕ್ಕದಲ್ಲಾ?" ಎಂದು ಕೇಳಿದರು. ನಾನಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ನಾಲ್ಕು ಕಿಲೋಮೀಟರ್ ಒಳಗೆ, ಅಡಕೆ ತೋಟದ ನಡುವೆ. ರೈಲು ಕಾಣಬೇಕಾದರೆ ಕುಂಬಳೆಗೋ ಕಾಸರಗೋಡಿಗೋ ಹೋಗಬೇಕು.

ಕೆಲಸ ಬೆಂಗಳೂರಿನದ್ದು, ಕೂರುವುದು ಮನೆಯ ಜಗಲಿಯಲ್ಲಿ. ಹನ್ನೊಂದೂವರೆಯಿಂದ ಒಂದರವರೆಗೆ ಒಂದರ ಬೆನ್ನಿಗೆ ಒಂದು ಕಾಲ್. ಅಮ್ಮನಿಗೆ ಗಂಟುನೋವು ಜೋರಾದ ಮೇಲೆ ಮಧ್ಯಾಹ್ನದ ಅಡುಗೆ ನನ್ನ ಪಾಲಿಗೆ ಬಂತು. ಅಪ್ಪ ಹನ್ನೆರಡೂಮುಕ್ಕಾಲಿಗೆ ತೋಟದಿಂದ ಬಂದು ಕೈಕಾಲು ತೊಳೆದು ನೇರ ಊಟಕ್ಕೆ ಕೂರುವವರು. ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯಾದರೆ ಕಾಲು ಗಂಟೆಯ ಕೆಲಸ, ಹೇಗಾದರೂ ಸುಧಾರಿಸಬಹುದು. ಆದರೆ ನಮ್ಮಲ್ಲಿ ಮಧ್ಯಾಹ್ನಕ್ಕೆ ಕುಚ್ಚಲಕ್ಕಿಯೇ ಆಗಬೇಕು. ಭತ್ತವನ್ನು ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲು ಮಾಡಿದ ಅಕ್ಕಿ ಅದು. ಒಳಗಿನ ಪಿಷ್ಟ ಒಮ್ಮೆ ಬೆಂದು ಮತ್ತೆ ಗಟ್ಟಿ ಕೂತಿರುತ್ತದೆ; ನೀರು ಒಳಗಿಳಿಯಲಿಕ್ಕೆ ಹೊತ್ತು ಬೇಕು. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆಗೆ ಕಮ್ಮಿ ಇಲ್ಲ. ಕುಕ್ಕರಿನಲ್ಲಿ ಇಟ್ಟರೆ ತೆಳಿ, ಅಂದರೆ ಅನ್ನದ ಗಂಜಿನೀರು ಎಲ್ಲ ಸೀಟಿಯ ತೂತಿನಿಂದ ಉಕ್ಕಿ ಒಲೆಯ ಮೇಲೆ ಅಂಟು. ಅಲ್ಲದೆ ಅಮ್ಮನ ಪ್ರಕಾರ ಕುಕ್ಕರಿನ ಅನ್ನಕ್ಕೆ "ಕಾಳಿಗೆ ಕಾಳು ಮಾತಾಡುದಿಲ್ಲ." ಅದರ ಅರ್ಥ ನನಗೆ ಇವತ್ತಿಗೂ ಪೂರ್ತಿ ಆಗಿಲ್ಲ, ಆದರೆ ರುಚಿಯಲ್ಲಿ ವ್ಯತ್ಯಾಸ ಇದ್ದದ್ದು ಹೌದು.

ಪೆರ್ಲ ಪೇಟೆಗೆ ಹೋಗಿ ಉಂಡರೆ ಒಬ್ಬನಿಗೆ ಎಂಬತ್ತು ರೂಪಾಯಿ, ಹೋಗಿಬರಲು ಪೆಟ್ರೋಲು, ಮುಕ್ಕಾಲು ಗಂಟೆ. ಕೋವಿಡ್ ಕಾಲದಲ್ಲಿ ಕೇರಳದ ಮಹಿಳಾ ಸಂಘಗಳ ಕೂಟವಾದ ಕುಟುಂಬಶ್ರೀಯವರ ಜನಕೀಯ ಹೋಟೆಲುಗಳಲ್ಲಿ 20 ರೂಪಾಯಿಗೆ ಊಟ ಸಿಗುತ್ತಿತ್ತು. ಆ ಲೆಕ್ಕ ಈಗ ಇಲ್ಲ. ಮನೆಬಾಗಿಲಿಗೆ ಊಟ ತರಿಸುವ ಮಾತಂತೂ ನಮ್ಮ ಗುಡ್ಡೆಗೆ ಹೇಳಿದ್ದಲ್ಲ. ಇಂಡಕ್ಷನ್ ಒಲೆ ಇದೆ, ಆದರೆ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲು ಬರುವುದಿಲ್ಲ. ಇನ್ವರ್ಟರ್ ಲ್ಯಾಪ್‌ಟಾಪಿಗೂ ಇಂಟರ್ನೆಟ್ಟಿಗೂ ಸಾಕು, ಅನ್ನಕ್ಕೆ ಸಾಲದು.

ನನಗೆ ಬೇಕಾದದ್ದು ಇಷ್ಟೇ: ಬೆಳಿಗ್ಗೆ ಒಂಬತ್ತೂವರೆಗೆ ಇಪ್ಪತ್ತು ನಿಮಿಷ ಅಡುಗೆಮನೆಯಲ್ಲಿ ನಿಲ್ಲುವುದು, ಆಮೇಲೆ ಒಂದು ಗಂಟೆಯವರೆಗೆ ಆ ಕಡೆ ತಲೆಹಾಕದಿರುವುದು, ಬಂದಾಗ ಬಿಸಿ ಅನ್ನ ಸಿಗುವುದು.

ಚೂಡಾರಾಪ್ಪೆಟ್ಟಿ

ಇದಕ್ಕೆ ದಾರಿ ಕೇರಳದಲ್ಲಿ ಮೊದಲೇ ಇದೆ. ವಿಜ್ಞಾನವನ್ನು ಜನರಿಗೆ ಮುಟ್ಟಿಸಲು 1962ರಲ್ಲಿ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಹೊಗೆಯಿಲ್ಲದ ಒಲೆಯ ಹಾಗೆಯೇ ಚೂಡಾರಾಪ್ಪೆಟ್ಟಿಯನ್ನೂ ಮನೆಮನೆಗೆ ಮುಟ್ಟಿಸಿದವರು. ಚೂಡು ಅಂದರೆ ಬಿಸಿ. ಬಿಸಿ ಆರದ ಪೆಟ್ಟಿಗೆ. ಕಾಞಂಗಾಡಿನಲ್ಲಿ ಅಪ್ಪನ ಸ್ನೇಹಿತರ ಮನೆಯಲ್ಲಿ ಅದನ್ನು ಸಣ್ಣವನಿದ್ದಾಗ ನೋಡಿದ್ದೆ. ಅಕ್ಕಿಯನ್ನು ಸ್ವಲ್ಪ ಹೊತ್ತು ಕುದಿಸಿ ಪಾತ್ರೆ ಸಮೇತ ಪೆಟ್ಟಿಗೆಗೆ ಇಳಿಸಿ ಮುಚ್ಚಳ ಹಾಕುತ್ತಿದ್ದರು. ಆ ಮನೆಯವರು ಮಧ್ಯಾಹ್ನಕ್ಕೆ ತೆಗೆದು ಬಸಿಯುವುದನ್ನು ನೋಡಿ ಇದೇನೋ ಮಾಟ ಅಂದುಕೊಂಡಿದ್ದೆ.

ಮಾಟ ಏನೂ ಇಲ್ಲ. ಅಕ್ಕಿ ಬೇಯಲು ಕೊತಕೊತ ಕುದಿಯಲೇಬೇಕೆಂದಿಲ್ಲ. ಎಂಬತ್ತು ತೊಂಬತ್ತು ಡಿಗ್ರಿಯಲ್ಲಿ ನೀರು ನಿಂತರೂ ಬೇಯುತ್ತದೆ, ಸ್ವಲ್ಪ ನಿಧಾನ. ಒಮ್ಮೆ ಕುದಿ ಬಂದ ಮೇಲೆ ನಾವು ಉರಿಸುವ ಗ್ಯಾಸೆಲ್ಲ ಪಾತ್ರೆಯ ಮೈಯಿಂದ, ಬಾಯಿಂದ ಹೊರಗೆ ಹೋಗುವ ಬಿಸಿಯನ್ನು ತುಂಬಿಕೊಡಲಿಕ್ಕೆ ಮಾತ್ರ. ಹೋಗುವುದನ್ನೇ ತಡೆದರೆ ಉರಿ ಬೇಡ.

ಅಂಗಡಿಯಲ್ಲಿ ಸ್ಟೀಲಿನ ಡ್ರಮ್ಮಿನಂಥ ಥರ್ಮಲ್ ಕುಕ್ಕರ್ ಸಿಗುತ್ತದೆ. ಎರಡು ಮೂರು ಸಾವಿರ ಕೊಟ್ಟು ತಂದುಬಿಡಬಹುದಿತ್ತು. ಆದರೆ ಆಗ ಚಾಲಿ, ಅಂದರೆ ಬಿಸಿಲಿಗೆ ಒಣಗಿಸಿದ ಅಡಕೆ ಸುಲಿದು ಮುಗಿದ ಹೊತ್ತು; ಕೊಟ್ಟಿಗೆಯ ಮೂಲೆಯಲ್ಲಿ ಒಣ ಸಿಪ್ಪೆ ಸೊಂಟದೆತ್ತರಕ್ಕೆ ಬಿದ್ದಿತ್ತು. ಅದನ್ನು ನೋಡಿದವನಿಗೆ ಸಾವಿರ ರೂಪಾಯಿ ಬಿಚ್ಚಲು ಮನಸ್ಸು ಬರುವುದಿಲ್ಲ.

ಮೊದಲ ಪ್ರಯತ್ನ: ಥರ್ಮಾಕೋಲ್

ಆದರೂ ಮೊದಲು ಸೋಮಾರಿತನದ ದಾರಿ ಹಿಡಿದೆ. ಪೇಟೆಯಿಂದ ಚಂದದ ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ಐವತ್ತು ರೂಪಾಯಿಗೆ ತಂದೆ. ಅಮ್ಮ ಮೂಗರಳಿಸಿದರು. ಅದರಲ್ಲಿ ಮೊದಲು ಮೀನು ಬರುತ್ತಿತ್ತು ಎಂದು ಗೊತ್ತಾದದ್ದೇ ತಡ, ಪೆಟ್ಟಿಗೆ ಅಂಗಳ ದಾಟಲಿಲ್ಲ. ಈಗ ಅದರಲ್ಲಿ ಬಸಳೆ ಬಳ್ಳಿ ಹಬ್ಬುತ್ತಿದೆ.

ಆಮೇಲೆ ಫ್ರಿಜ್ಜಿನ ಜೊತೆ ಬಂದಿದ್ದ ಥರ್ಮಾಕೋಲ್ ಹಾಳೆಗಳನ್ನು ಅಟ್ಟದಿಂದ ಇಳಿಸಿ, ಕತ್ತರಿಸಿ, ರಟ್ಟಿನ ಪೆಟ್ಟಿಗೆಯೊಳಗೆ ಅಂಟಿಸಿದೆ. ಸಂದಿಗಳಿಗೆ ಟೇಪು. ಒಂದು ಗಂಟೆಯ ಕೆಲಸ, ನೋಡಲು ಬಹಳ ನೀಟು. ಕುದಿಯುವ ನೀರಿನ ಪಾತ್ರೆಯನ್ನು ಇಳಿಸಿ ಮುಚ್ಚಿದೆ. ಎರಡು ಗಂಟೆ ಬಿಟ್ಟು ತೆಗೆದರೆ ಪಾತ್ರೆಯ ಬುಡಕ್ಕೆ ಥರ್ಮಾಕೋಲ್ ಕಚ್ಚಿಕೊಂಡಿತ್ತು. ತಳದ ಹಾಳೆ ಬಟ್ಟಲಿನ ಹಾಗೆ ಕುಗ್ಗಿ, ಎರಡಂಗುಲ ದಪ್ಪದ್ದು ಅರ್ಧ ಅಂಗುಲ ಆಗಿತ್ತು. ಒಳಗೆಲ್ಲ ಪ್ಲಾಸ್ಟಿಕ್ ವಾಸನೆ.

ಇದು ಮೊದಲೇ ಯೋಚಿಸಬೇಕಾದ ವಿಷಯ. ಥರ್ಮಾಕೋಲಿನಲ್ಲಿ ಇರುವುದು ಬಹುಪಾಲು ಗಾಳಿ, ಬಿಸಿ ತಡೆಯುವುದರಲ್ಲಿ ಅದಕ್ಕೆ ಸಾಟಿ ಕಡಿಮೆ. ಆದರೆ ಎಂಬತ್ತು ಡಿಗ್ರಿ ದಾಟುತ್ತಿದ್ದ ಹಾಗೆ ಮೆತ್ತಗಾಗಿ ಕುಗ್ಗುತ್ತದೆ. ಒಲೆಯಿಂದ ಇಳಿದ ಪಾತ್ರೆಯ ಬುಡ ನೂರರ ಹತ್ತಿರ. ಬಳಸಲೇಬೇಕಾದರೆ ಪಾತ್ರೆಗೂ ಅದಕ್ಕೂ ನಡುವೆ ದಪ್ಪ ಬಟ್ಟೆಯೋ ಮರದ ಬಿಲ್ಲೆಯೋ ಬೇಕು. ನಾನು ಮತ್ತೆ ಆ ತಂಟೆಗೆ ಹೋಗಲಿಲ್ಲ. ಊಟದ ಹತ್ತಿರ ಆ ವಾಸನೆ ಒಂದು ಸಲ ಬಂದದ್ದು ಸಾಕು.

ಎರಡನೆಯದು: ಸಿಪ್ಪೆ

ಅಟ್ಟದಲ್ಲಿ ಅಜ್ಜನ ಕಾಲದ ಹಲಸಿನ ಮರದ ಪೆಟ್ಟಿಗೆ ಇತ್ತು. ಒಳಗೆ ಹಳೆಯ ರಶೀದಿ, ಜಾತಕ, ಒಂದು ಮುರಿದ ಕೊಡೆ. ಒಳ ಅಳತೆ 46 ಸೆಂಟಿಮೀಟರ್ ಚೌಕ, ಎತ್ತರ 44. ಒಂದು ಮೂಲೆಗೆ ಗೆದ್ದಲು ಹಿಡಿದದ್ದನ್ನು ಕೆರೆದು, ಗೇರೆಣ್ಣೆ ಹಚ್ಚಿ, ಎರಡು ದಿನ ಬಿಸಿಲಿಗೆ ಇಟ್ಟೆ. ಗೇರೆಣ್ಣೆ ಕೈಗೆ ತಾಗಿಸಿಕೊಳ್ಳಬೇಡಿ. ನನ್ನ ಎಡಗೈ ಬೆರಳುಗಳ ಸಂದು ಒಂದು ವಾರ ಗುಳ್ಳೆಯೆದ್ದು ಉರಿಯಿತು, ಕೀಬೋರ್ಡಿನಲ್ಲಿ ಒಂದೇ ಕೈ.

ಹಣ್ಣಡಕೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ. ಒಣಗಿದ ಮೇಲೆ ಅದು ಹಗುರ, ಒಳಗೆಲ್ಲ ನಾರು, ನಾರಿನ ನಡುವೆ ಗಾಳಿ. ಬಿಸಿ ತಡೆಯುವುದು ನಾರಲ್ಲ, ನಾರು ಹಿಡಿದಿಟ್ಟುಕೊಂಡ ಗಾಳಿ. ಆದರೆ ಸಿಪ್ಪೆಯನ್ನು ಹಾಗೆಯೇ ತುಂಬಿದರೆ ದೋಣಿಯಾಕಾರದ ತುಂಡುಗಳ ನಡುವೆ ದೊಡ್ಡ ದೊಡ್ಡ ಪೊಳ್ಳು ಉಳಿದು ಗಾಳಿ ಸುತ್ತಾಡುತ್ತದೆ. ಸುತ್ತಾಡುವ ಗಾಳಿ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಅದಕ್ಕೆ ಸಿಪ್ಪೆಯನ್ನು ಗೋಣಿಗೆ ತುಂಬಿ ಮರದ ಕೊರಡಿನಿಂದ ಬಡಿದೆ. ಹತ್ತು ನಿಮಿಷ ಬಡಿದರೆ ಹೊರಗಿನ ಗಟ್ಟಿ ಪದರ ಪುಡಿಯಾಗಿ ನಾರು ಬಿಚ್ಚಿಕೊಳ್ಳುತ್ತದೆ. ಜಾಲರಿಯಲ್ಲಿ ಆಡಿಸಿ ದೂಳು ತೆಗೆದೆ. ದೂಳು ಅಂದರೆ ಸಾಧಾರಣ ದೂಳಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳದಿದ್ದರೆ ರಾತ್ರಿಯಿಡೀ ಕೆಮ್ಮು.

ಅಪ್ಪ ದೂರದಿಂದಲೇ ನೋಡಿ, "ಅದು ಬೆಶಿನೀರ ಒಲೆಗೆ ಮಡಗಿದ ಚೋಲಿ," ಅಂದರು. ಚೋಲಿ ಅಂದರೆ ಸಿಪ್ಪೆ. ನಾಲ್ಕು ಗೋಣಿ ಮಾತ್ರ ತೆಗೆಯುತ್ತೇನೆಂದು ಒಪ್ಪಂದವಾಯಿತು. ಬೇಕಾದದ್ದು ಎರಡೂವರೆ.

ತುಂಬುವುದರಲ್ಲಿ ಒಂದು ಹದ ಇದೆ. ಮೊದಲ ಸಲ ಕಾಲಿನಿಂದ ತುಳಿದು ತುಂಬಿದೆ, ಗಟ್ಟಿಯಾದಷ್ಟು ಒಳ್ಳೆಯದೆಂದು. ತಪ್ಪು. ಒತ್ತಿ ಒತ್ತಿ ಗಾಳಿಯನ್ನೇ ಓಡಿಸಿದರೆ ನಾರಿಗೆ ನಾರು ತಾಗಿ ಬಿಸಿ ದಾಟುತ್ತದೆ. ಸಡಿಲ ಬಿಟ್ಟರೆ ನಾಲ್ಕು ದಿನದಲ್ಲಿ ಕೆಳಗೆ ಕೂತು ಮೇಲ್ಗಡೆ ಖಾಲಿಯಾಗುತ್ತದೆ. ಅಂಗೈಯಿಂದ ಒತ್ತಿದರೆ ಒಂದಂಗುಲ ತಗ್ಗಿ, ಕೈ ತೆಗೆದರೆ ಮತ್ತೆ ಮೇಲೆ ಬರುವಷ್ಟು, ಅಂದರೆ ಹೊಸ ಹತ್ತಿ ಹಾಸಿಗೆಯ ಹಾಗೆ ಇರಬೇಕು. ಅಕ್ಕಿ ಮುಡಿ ಕಟ್ಟುವುದನ್ನು ಬಲ್ಲ ಹಿರಿಯರೊಬ್ಬರು ನಮ್ಮಲ್ಲಿಗೆ ತೋಟದ ಕೆಲಸಕ್ಕೆ ಬರುತ್ತಾರೆ. 42 ಸೇರು ಅಕ್ಕಿಯನ್ನು ಬೈಹುಲ್ಲಿನಲ್ಲಿ ಕಟ್ಟಿ ಮಳೆಗಾಲವಿಡೀ ಕೆಡದ ಹಾಗೆ ಇಡುತ್ತಿದ್ದ ಕೈ ಅದು. ಅವರು ನನ್ನ ಪೆಟ್ಟಿಗೆಯೊಳಗೆ ಕೈಯಾಡಿಸಿ, ಮೂಲೆಗಳಲ್ಲಿ ನಾರು ಸಾಲದೆಂದು ತೋರಿಸಿದರು. ನಾಲ್ಕು ಮೂಲೆಯಲ್ಲೂ ಮುಷ್ಟಿ ಹೋಗುವಷ್ಟು ಪೊಳ್ಳು ಇತ್ತು. ನಾನು ನಡುವೆ ಮಾತ್ರ ನೋಡಿದ್ದೆ.

ತಳಕ್ಕೆ 12 ಸೆಂಟಿಮೀಟರ್ ನಾರು. ಅದರ ಮೇಲೆ ಬಿಸಿ ಪಾತ್ರೆಯ ಭಾರ ತಡೆಯಲು ತೆಂಗಿನ ಮರದ ಒಂದು ಬಿಲ್ಲೆ. ಪಾತ್ರೆಗೆ ಹಳೆಯ ಪೇಪರನ್ನು ನಾಲ್ಕು ಸುತ್ತು ಸುತ್ತಿ ನಡುವೆ ಕೂರಿಸಿ, ಸುತ್ತಲೂ ನಾರು ತುಂಬಿ, ಆಮೇಲೆ ಪಾತ್ರೆಯನ್ನು ತಿರುಗಿಸುತ್ತಾ ಮೇಲಕ್ಕೆ ಎಳೆದರೆ ಅದರದೇ ಅಳತೆಯ ಗೂಡು ಉಳಿಯುತ್ತದೆ. ಆ ಗೂಡಿಗೆ ಅಪ್ಪನ ಹಳೆಯ ಪಂಚೆಯನ್ನು ಚೀಲದ ಹಾಗೆ ಹೊಲಿದು ಇಳಿಸಿದೆ, ಅದರ ಅಂಚನ್ನು ಪೆಟ್ಟಿಗೆಯ ಬಾಯಿಗೆ ಸಣ್ಣ ಮೊಳೆಯಿಂದ ಬಡಿದೆ. ಇಲ್ಲದಿದ್ದರೆ ದಿನವೂ ಅನ್ನದ ಪಾತ್ರೆಗೆ ನಾರು.

ಮುಚ್ಚಳವೇ ಮುಖ್ಯ. ಬಿಸಿ ಏರುವುದು ಮೇಲಕ್ಕೆ. ಸುತ್ತ ಎಷ್ಟು ತುಂಬಿದರೂ ಮೇಲೆ ತೆಳುವಾದರೆ ಎಲ್ಲ ಅಲ್ಲೇ ಹೋಗುತ್ತದೆ. ಮರದ ಮುಚ್ಚಳದ ಕೆಳಗೆ ಬೂರುಗದ ಹತ್ತಿಯ ಹಳೆಯ ತಲೆದಿಂಬು ಒಂದನ್ನು ಒತ್ತಿ ಕೂರುವ ಹಾಗೆ ಇಟ್ಟೆ. ಮುಚ್ಚಳ ಹಾಕುವಾಗ ಸ್ವಲ್ಪ ಬಲ ಬೇಕು. ಬಲ ಬೇಡ ಅಂತಾದರೆ ಸಂದಿ ಇದೆ ಎಂದರ್ಥ.

ಅಳತೆ ಮತ್ತು ಅವಮಾನ

ಅಡುಗೆಗೆ ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್ ಒಂದು ತರಿಸಿದೆ, ಮುನ್ನೂರು ರೂಪಾಯಿಯ ಒಳಗೆ. ಈ ಇಡೀ ಕೆಲಸದಲ್ಲಿ ನಾನು ಹೊಸದಾಗಿ ಕೊಂಡದ್ದು ಅದೊಂದೇ ಎಂದು ಹೇಳಲು ಮನಸ್ಸಾಗುತ್ತದೆ, ಆದರೆ ಮೀನಿನ ಪೆಟ್ಟಿಗೆ ಇದೆಯಲ್ಲ.

ಮೊದಲ ದಿನ 24 ಸೆಂಟಿಮೀಟರ್ ಅಗಲದ ದೊಡ್ಡ ಪಾತ್ರೆ, ಅದರಲ್ಲಿ ಎರಡು ಕುಡ್ತೆ ಅಕ್ಕಿ. ನಮ್ಮ ಮನೆಯ ಕುಡ್ತೆಯಲ್ಲಿ ಎರಡು ಅಂದರೆ 420 ಗ್ರಾಂ. ಕುದಿ ಬಂದ ಮೇಲೆ ಐದು ನಿಮಿಷ ಬಿಟ್ಟು ಪೆಟ್ಟಿಗೆಗೆ ಇಳಿಸಿದೆ. ಅಮ್ಮ ಕುರ್ಚಿಯಲ್ಲಿ ಕೂತು ನೋಡುತ್ತಿದ್ದವರು, "ಕಿಚ್ಚಿಲ್ಲದ್ದೆ ಅಶನ ಬೇವದೋ?" ಅಂದರು. ಬೇಯುತ್ತದೆ ಅಂದೆ. ಮೀಟಿಂಗಿನಲ್ಲಿ ಕೂತೆ. ಒಂದು ಗಂಟೆಗೆ ತೆಗೆದಾಗ ಥರ್ಮಾಮೀಟರ್ 64 ತೋರಿಸಿತು. ಅಕ್ಕಿ ಹೊರಗೆ ಮೆತ್ತಗೆ, ಕಚ್ಚಿದರೆ ನಡುವೆ ಹರಳು. ಅಪ್ಪ ಎರಡು ತುತ್ತು ಜಗಿದು, ಏನೂ ಹೇಳದೆ, ಮೊಸರು ಅವಲಕ್ಕಿ ಕಲಸಿಕೊಂಡರು. ಏನಾದರೂ ಹೇಳಿದ್ದರೆ ಅಷ್ಟು ಬೇಸರವಾಗುತ್ತಿರಲಿಲ್ಲ.

ಆಮೇಲೆ ಗೊತ್ತಾಯಿತು, ಅಮ್ಮ ಎರಡು ಸಲ ಮುಚ್ಚಳ ತೆಗೆದು ನೋಡಿದ್ದರು. ತಪ್ಪೆಲ್ಲ ಅವರ ಮೇಲೆ ಹಾಕುವ ಹಾಗಿಲ್ಲ. ದೊಡ್ಡ ಪಾತ್ರೆಯಲ್ಲಿ ಅರ್ಧಕ್ಕಿಂತ ಕಮ್ಮಿ ನೀರು. ಪೆಟ್ಟಿಗೆಗೆ ಬಿಸಿ ಕೊಡುವುದು ಆ ನೀರೇ. ಅದು ಕಮ್ಮಿಯಾದರೆ ಬಂಡವಾಳವೇ ಕಮ್ಮಿ, ಮೇಲಿನ ಖಾಲಿ ಜಾಗ ಬೇರೆ ಅದನ್ನು ತಿನ್ನುತ್ತದೆ. ಐದು ನಿಮಿಷದ ಕುದಿಯಲ್ಲಿ ಕಾಳಿನ ಒಳಗೆ ಬಿಸಿ ಮುಟ್ಟಿರುವುದೂ ಇಲ್ಲ.

ಗೂಡು ಕಿತ್ತು ಮತ್ತೆ ಕಟ್ಟಿದೆ. ಈ ಸಲ 20 ಸೆಂಟಿಮೀಟರ್ ಅಗಲದ, ನಾಲ್ಕು ಲೀಟರ್ ಹಿಡಿಯುವ ಸ್ಟೀಲ್ ಪಾತ್ರೆ. ಸುತ್ತ 13 ಸೆಂಟಿಮೀಟರ್ ನಾರು. ಅಕ್ಕಿ ಅದೇ 420 ಗ್ರಾಂ, ನೀರು 2.6 ಲೀಟರ್, ಪಾತ್ರೆ ಮುಕ್ಕಾಲು ತುಂಬಿತು. ಕುದಿ ಬಂದ ಮೇಲೆ ಹನ್ನೆರಡು ನಿಮಿಷ, ಕೊನೆಯ ಎರಡು ನಿಮಿಷ ಮುಚ್ಚಳ ಹಾಕಿ. ಮುಚ್ಚಳದ ಕೆಳಗೆ ಹಬೆ ತುಂಬಿರುವಾಗಲೇ, ತೆರೆಯದೆ, ಮಸಿಬಟ್ಟೆಯಲ್ಲಿ ಹಿಡಿದು ನೇರ ಗೂಡಿಗೆ. ಒಲೆಯಿಂದ ಪೆಟ್ಟಿಗೆಗೆ ಮೂರು ಹೆಜ್ಜೆ. ಥರ್ಮಾಮೀಟರಿನ ವೈರನ್ನು ಮುಚ್ಚಳದ ಅಂಚಿನಲ್ಲಿ ಹೊರಗೆ ತಂದಿದ್ದೆ, ಯಾರೂ ತೆರೆದು ನೋಡುವ ಹಾಗಿಲ್ಲ.

9:45ಕ್ಕೆ 98. 10:45ಕ್ಕೆ 91. ಸ್ಟೇಟಸ್ ಮೀಟಿಂಗಿನ ನಡುವೆ ಕ್ಯಾಮೆರಾ ಬಂದ್ ಮಾಡಿ ಓಡಿ ನೋಡಿದೆ, 11:45ಕ್ಕೆ 86. 12:45ಕ್ಕೆ 81. ಬಸಿದಾಗ ತೆಳಿಯಿಂದ ಹಬೆ ಎದ್ದು ಕನ್ನಡಕ ಮಂಜಾಯಿತು. ಅಮ್ಮ ಒಂದು ಅಗುಳನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು. ಅಗುಳು ಅಡಿಯಿಂದ ಮುಡಿವರೆಗೆ ಒಂದೇ ಹದದಲ್ಲಿ ಚಪ್ಪಟೆಯಾಯಿತು, ನಡುವೆ ಬಿಳಿ ಚುಕ್ಕಿ ಇಲ್ಲ. "ಆತು," ಅಂದರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ, ತಮಾಷೆಯಲ್ಲ. ಪೆಟ್ಟಿಗೆಯಲ್ಲಿ ಬಿಟ್ಟದ್ದು 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದರ ಬೀಜಾಣು ಕುದಿಸಿದರೂ ಸಾಯುವುದಿಲ್ಲ, ಉಗುರುಬೆಚ್ಚಗಿನ ಅನ್ನ ಅದಕ್ಕೆ ಹಬ್ಬ. ಬೆಳಿಗ್ಗೆ ಇಟ್ಟದ್ದನ್ನು ರಾತ್ರಿ ಊಟಕ್ಕೆ ತೆಗೆಯುವ ಆಸೆ ಬೇಡ. ಮಧ್ಯಾಹ್ನ ತೆಗೆದು ಬಸಿಯುವುದು, ಅಳತೆ 60ರ ಹತ್ತಿರ ಬಂದರೆ ಮತ್ತೆ ಒಲೆಗೆ ಇಡುವುದು, ಅದಕ್ಕಿಂತ ಕೆಳಗೆ ಇಳಿದಿದ್ದರೆ ಚೆಲ್ಲುವುದು; ಆ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ.

ಪೆಟ್ಟಿಗೆಗೆ ಒಗ್ಗಿದ್ದು, ಒಗ್ಗದ್ದು

ಅನ್ನ ಸರಿಹೋದ ಮೇಲೆ ಆಸೆ ಹೆಚ್ಚಾಯಿತು. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಹೆಸರು ಹಾಕಿದ ಗಂಜಿ. ಒಂದೂವರೆ ಕುಡ್ತೆ ಅಕ್ಕಿಗೆ ಒಂದು ಮುಷ್ಟಿ ಹೆಸರುಕಾಳು, ಎರಡನ್ನೂ ಒಟ್ಟಿಗೆ ಕುದಿಸಿ ಒಟ್ಟಿಗೆ ಇಳಿಸುವುದು. ಬಸಿಯುವ ಕೆಲಸವಿಲ್ಲ. ಪೆಟ್ಟಿಗೆಯಲ್ಲಿ ನೀರು ಹೆಚ್ಚೇನೂ ಆವಿಯಾಗಿ ಹೋಗುವುದಿಲ್ಲವಾದ್ದರಿಂದ ಒಲೆಯ ಅಂದಾಜಿನಲ್ಲಿ ನೀರು ಹಾಕಿದರೆ ಗಂಜಿ ತೋಡಿನ ನೀರಿನ ಹಾಗಾಗುತ್ತದೆ. ಒಂದು ಲೋಟ ಕಮ್ಮಿ ಹಾಕಿ. ತೆಗೆದ ಮೇಲೆ ಉಪ್ಪು, ಒಂದು ಹಿಡಿ ತೆಂಗಿನತುರಿ, ಮೇಲೆ ಒಂದು ಚಮಚ ತುಪ್ಪ. ಪಕ್ಕಕ್ಕೆ ಮಾವಿನ ಮಿಡಿ ಉಪ್ಪಿನಕಾಯಿ, ಸುಟ್ಟ ಹಲಸಿನ ಹಪ್ಪಳ. ತೆಂಗಿನಕಾಯಿ, ಉಪ್ಪಿನಕಾಯಿ, ಹಪ್ಪಳ ಮನೆಯವು. ಕೊಂಡ ಅಕ್ಕಿ, ಹೆಸರಿನ ಲೆಕ್ಕ ಹಾಕಿದರೆ ಮೂವರ ಊಟಕ್ಕೆ ಮೂವತ್ತು ರೂಪಾಯಿ ದಾಟುವುದಿಲ್ಲ. ಅದನ್ನು ಉಂಡರೆ ಸಂಜೆ ಐದರವರೆಗೆ ಬಿಸ್ಕತ್ತಿನ ಡಬ್ಬಿಯ ಕಡೆ ಕೈ ಹೋಗುವುದಿಲ್ಲ, ನಿದ್ದೆಯೂ ತೂಗುವುದಿಲ್ಲ. ಬೆಳ್ತಿಗೆ ಅನ್ನ ಉಂಡು ಎರಡು ಗಂಟೆಯ ಮೀಟಿಂಗಿನಲ್ಲಿ ಕೂತವರಿಗೆ ಈ ವ್ಯತ್ಯಾಸ ಹೇಳಬೇಕಾಗಿಲ್ಲ.

ಅಲಸಂಡೆ ಕಾಳು ರಾತ್ರಿ ನೆನೆಹಾಕಿ, ಹತ್ತು ನಿಮಿಷ ಕುದಿಸಿ ಇಟ್ಟರೆ ಬೆಣ್ಣೆಯ ಹಾಗೆ ಬೇಯುತ್ತದೆ. ಆದರೆ ಹುಳಿಯನ್ನು ಮೊದಲೇ ಹಾಕಬೇಡಿ. ಒಂದು ಸಲ ಸಮಯ ಉಳಿಸಲೆಂದು ಹುಣಸೆರಸ, ಉಪ್ಪು, ಬೆಲ್ಲ ಎಲ್ಲ ಸೇರಿಸಿ ಇಳಿಸಿದೆ. ಮೂರು ಗಂಟೆ ಬಿಟ್ಟರೂ ಕಾಳು ಕಲ್ಲು. ಹುಳಿ ಬಿದ್ದರೆ ಕಾಳಿನ ಸಿಪ್ಪೆ ಬಿಗಿದು ನಿಲ್ಲುತ್ತದೆ, ಒಲೆಯ ಮೇಲಾದರೆ ಉರಿಯ ಜೋರಿನಲ್ಲಿ ಅದು ಅಷ್ಟು ಗೊತ್ತಾಗುವುದಿಲ್ಲ. ಹುರುಳಿಯ ಮುಂದೆ ಪೆಟ್ಟಿಗೆ ಸೋತಿತು. ನೆನೆಹಾಕಿ ಕಾಲು ಗಂಟೆ ಕುದಿಸಿದರೂ ಅರ್ಧಂಬರ್ಧ. ಹುರುಳಿ ಸಾರಿಗೆ ಕುಕ್ಕರೇ ಸರಿ, ಸೀಟಿ ಭಾನುವಾರ ಕೂಗಲಿ. ರಾಜ್ಮಾ ಮಾಡುವವರಿಗೆ ಇನ್ನೊಂದು ಮಾತು: ಆ ಕೆಂಪು ಕಾಳಿನಲ್ಲಿ ಸಹಜವಾಗಿಯೇ ಒಂದು ವಿಷವಸ್ತು ಇರುತ್ತದೆ, ನೆನೆಸಿ ನೀರು ಚೆಲ್ಲಿ ಕನಿಷ್ಠ ಹತ್ತು ನಿಮಿಷ ಚೆನ್ನಾಗಿ ಕುದಿಸಿದರೆ ಮಾತ್ರ ಅದು ಹೋಗುವುದು. ಬರೀ ಬಿಸಿಯಲ್ಲಿ ಇಟ್ಟರೆ ಹೋಗುವುದಿಲ್ಲ.

ಗುಜ್ಜೆಯನ್ನು, ಅಂದರೆ ಎಳೆ ಹಲಸಿನಕಾಯಿಯನ್ನು ತುಂಡು ಮಾಡಿ ಸಣ್ಣ ಡಬ್ಬಿಯಲ್ಲಿ ಅನ್ನದ ಪಾತ್ರೆಯ ಮೇಲೆ ಕೂರಿಸಿ ಬೇಯಿಸುವ ಯೋಚನೆಯೂ ಬಂತು. ಡಬ್ಬಿಯ ಗುಜ್ಜೆ ಬೇಯಲಿಲ್ಲ, ಅನ್ನವನ್ನೂ ತಣಿಸಿತು. ತಣ್ಣಗಿನ ಯಾವುದನ್ನೂ ಗೂಡಿಗೆ ಇಳಿಸಬಾರದು.

ಉಳಿದದ್ದಕ್ಕೆ ತಂಬುಳಿ ಇದೆ. ಬಾವಿಕಟ್ಟೆಯ ಬುಡದಲ್ಲಿ ಒಂದೆಲಗ ಹಬ್ಬಿದೆ, ಹಿತ್ತಿಲಲ್ಲಿ ಸಾಂಬ್ರಾಣಿ ಸೊಪ್ಪು. ಒಂದು ಮುಷ್ಟಿ ಸೊಪ್ಪು, ತುಪ್ಪದಲ್ಲಿ ಹುರಿದ ಜೀರಿಗೆ, ನಾಲ್ಕು ಕಾಳುಮೆಣಸು, ತೆಂಗಿನತುರಿ ರುಬ್ಬಿ ಮಜ್ಜಿಗೆಗೆ ಕಲಸಿದರೆ ಆಯಿತು, ಐದು ನಿಮಿಷ. ಮಿಕ್ಸಿಯ ಸದ್ದು ಮಾತ್ರ ಕುಕ್ಕರಿಗಿಂತ ಜೋರು, ಹಾಗಾಗಿ ರುಬ್ಬುವುದನ್ನು ಬೆಳಿಗ್ಗೆಯೇ ಮುಗಿಸಿ, ಮಜ್ಜಿಗೆ ಊಟದ ಹೊತ್ತಿಗೆ ಸೇರಿಸುತ್ತೇನೆ. ಬಸಿದ ತೆಳಿಗೆ ಉಪ್ಪು ಹಾಕಿ ಮೊದಲು ಒಂದು ಲೋಟ ಅಮ್ಮನಿಗೆ. ಮೊದಲು ಆ ತೆಳಿ ಕುಕ್ಕರಿನ ಮೈಮೇಲೆ ಹೋಗುತ್ತಿತ್ತು.

ಆಟಿಯ ತೊಂದರೆ

ಜೂನ್ ಕಳೆಯುವವರೆಗೆ ಎಲ್ಲ ಸರಿಯಿತ್ತು. ಆಟಿ ತಿಂಗಳ ಮಳೆ ಹಿಡಿದ ಮೇಲೆ ಒಂದು ದಿನ ಮುಚ್ಚಳ ತೆಗೆದರೆ ಹಳೆಯ ಗೋಣಿಯ ವಾಸನೆ. ತಲೆದಿಂಬಿನ ಕೆಳಬದಿಯಲ್ಲಿ ಕಪ್ಪು ಚುಕ್ಕಿಗಳು. ಪಾತ್ರೆಯ ಮುಚ್ಚಳದ ಅಂಚಿನಿಂದ ದಿನವೂ ಸ್ವಲ್ಪ ಸ್ವಲ್ಪ ಹಬೆ ಬಂದು ಹತ್ತಿಗೆ ಸೇರುತ್ತಿತ್ತು, ಬೇಸಿಗೆಯಲ್ಲಿ ಅದು ತಾನಾಗಿ ಆರುತ್ತಿತ್ತು. ಅಳತೆಯೂ ಬಿದ್ದಿತ್ತು, ಇಟ್ಟು ಮೂರು ಗಂಟೆ ಕಳೆದಾಗ 81 ಇರುತ್ತಿದ್ದದ್ದು ಈಗ 73. ಒದ್ದೆ ಹತ್ತಿ ಬಿಸಿ ತಡೆಯುವುದಿಲ್ಲ, ಕುಡಿಯುತ್ತದೆ.

ಹತ್ತಿ ಬಿಸಾಡಿದೆ. ಹೊಸ ದಿಂಬಿಗೆ ಮತ್ತೆ ಸಿಪ್ಪೆಯ ನಾರನ್ನೇ ತುಂಬಿ, ಪಾತ್ರೆಗೆ ಮುಖ ಮಾಡುವ ಬದಿಗೆ ದಪ್ಪ ರೆಕ್ಸಿನ್ ಹೊಲಿದೆ. ಪಾತ್ರೆಯ ಮುಚ್ಚಳದ ಮೇಲೆ ಒಂದು ಸ್ಟೀಲ್ ತಟ್ಟೆ ಕವುಚಿ ಇಡುತ್ತೇನೆ, ರೆಕ್ಸಿನ್ ನೇರ ಮುಚ್ಚಳಕ್ಕೆ ತಾಗದ ಹಾಗೆ. ನೀರು ಬಂದರೆ ರೆಕ್ಸಿನ್ ಮೇಲೆ ಹನಿಯಾಗಿ ನಿಲ್ಲುತ್ತದೆ, ಒರೆಸಿದರೆ ಮುಗಿಯಿತು. ಊಟವಾದ ಮೇಲೆ ಪೆಟ್ಟಿಗೆಯನ್ನು ಮುಚ್ಚುವುದಿಲ್ಲ, ರಾತ್ರಿಯವರೆಗೆ ಬಾಯಿ ತೆರೆದು ಬಿಡುತ್ತೇನೆ. ಗೂಡಿನ ಪಂಚೆಯ ಚೀಲವನ್ನು ವಾರಕ್ಕೊಮ್ಮೆ ಬಿಚ್ಚಿ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವುದು. ಅದಕ್ಕಾಗಿ ಮೊಳೆ ಕಿತ್ತು ಒತ್ತುಗುಂಡಿ ಹಾಕಿಸಿದೆ. ಬಾಯಿ ತೆರೆದು ಬಿಟ್ಟದ್ದಕ್ಕೆ ಒಂದು ರಾತ್ರಿ ಇಲಿ ಬಂದು ಮೂಲೆಯ ನಾರನ್ನು ಕಿತ್ತು ಹರಡಿತ್ತು. ಈಗ ಸೊಳ್ಳೆಪರದೆಯ ತುಂಡೊಂದು ಕಟ್ಟಿದ್ದೇನೆ, ಇಲಿಗೆ ಅದು ಎಷ್ಟರ ತಡೆಯೋ ನೋಡಬೇಕು.

ತಕ್ಕಡಿ

ಉಳಿತಾಯದ ಲೆಕ್ಕ ಕೇಳುವವರಿಗಾಗಿ ಅಡಕೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಸಿಲಿಂಡರ್ ತೂಗಿದೆ. ಪೆಟ್ಟಿಗೆ ಬಳಸದ ಒಂದು ವಾರದಲ್ಲಿ ಖರ್ಚಾದ ಗ್ಯಾಸು 2.24 ಕಿಲೋ. ಬಳಸಿದ ವಾರದಲ್ಲಿ 1.86. ಅಡುಗೆ ಹೆಚ್ಚುಕಮ್ಮಿ ಅದೇ, ಚಾ ಅಷ್ಟೇ. ವಾರಕ್ಕೆ 380 ಗ್ರಾಂ ಉಳಿಯಿತು. 14.2 ಕಿಲೋದ ಸಿಲಿಂಡರಿಗೆ ಒಂಬೈನೂರರ ಆಚೀಚೆ ಹಿಡಿದರೆ ಇಪ್ಪತ್ತನಾಲ್ಕು ರೂಪಾಯಿ. ಅಪ್ಪ ಈ ಲೆಕ್ಕವನ್ನು ಗಂಭೀರವಾಗಿ ಕೇಳಿ, "ನಾಲ್ಕು ಗೋಣಿ ಚೋಲಿಗೆ ಎಷ್ಟು ಬತ್ತು?" ಅಂದರು. ಎರಡೂವರೆ ಎಂದು ತಿದ್ದಿದೆ.

ಗ್ಯಾಸಿನ ಉಳಿತಾಯಕ್ಕೆಂದು ಯಾರೂ ಇದನ್ನು ಮಾಡಬೇಡಿ. ಪೇಟೆಗೆ ಊಟಕ್ಕೆ ಹೋಗುವುದು ನಿಂತದ್ದೇ ದೊಡ್ಡದು, ತಿಂಗಳಿಗೆ ಏಳೆಂಟು ಸಲ ಹೋಗುತ್ತಿದ್ದೆ. ಅದಕ್ಕಿಂತ ಹೆಚ್ಚು, ಹನ್ನೊಂದೂವರೆಯಿಂದ ಒಂದರವರೆಗೆ ಒಲೆಯ ಮೇಲೆ ಏನಿದೆ ಎಂಬ ಯೋಚನೆ ತಲೆಯಲ್ಲಿಲ್ಲ. ಅನ್ನ ಸೀಯುವುದಿಲ್ಲ, ಉಕ್ಕುವುದಿಲ್ಲ. ಮೀಟಿಂಗು ಒಂದೂವರೆಗೆ ಎಳೆದರೂ ಅನ್ನ ಕಾಯುತ್ತದೆ. ಅಪ್ಪ ಕಾಯುವುದಿಲ್ಲ, ತಾವೇ ತೆಗೆದು ಬಸಿಯಲು ಕಲಿತಿದ್ದಾರೆ.

ಒಬ್ಬನೇ ಇರುವವರಿಗೆ ಈ ಅಳತೆ ಆಗುವುದಿಲ್ಲ. ಒಂದು ಕುಡ್ತೆಗಿಂತ ಕಮ್ಮಿ ಅಕ್ಕಿಯಾದರೆ ಪಾತ್ರೆ ಬೇಗ ತಣಿಯುತ್ತದೆ. ಒಂದೂವರೆ ಲೀಟರಿನ ಪಾತ್ರೆ, ಅದಕ್ಕೆ ತಕ್ಕ ಗೂಡು, ಸುತ್ತ ಇನ್ನೂ ದಪ್ಪ ನಾರು ಬೇಕು. ಮಂಗಳೂರಿನಲ್ಲಿ ರೂಮು ಮಾಡಿಕೊಂಡಿರುವ ಭಾವ ಅಂಥದ್ದೊಂದು ಮಾಡಿಕೊಡು ಎಂದು ಕೇಳಿದ್ದಾನೆ.

ಅವನಿಗಿಂತ ಮೊದಲು ನನಗೇ ಇನ್ನೊಂದು ಬೇಕಾಗಿದೆ. ಕಳೆದ ಬುಧವಾರ ಹನ್ನೆರಡು ನಿಮಿಷ ಕುದಿಸಿ, ಮಸಿಬಟ್ಟೆಯಲ್ಲಿ ಪಾತ್ರೆ ಹಿಡಿದು, ಮುಚ್ಚಳ ತೆಗೆದರೆ ಗೂಡಿನಲ್ಲಿ ಮೊಸರಿನ ಪಾತ್ರೆ ಕೂತಿತ್ತು. ಮಳೆಗೆ ಹಾಲು ಹೆಪ್ಪಾಗುವುದಿಲ್ಲವೆಂದು ಅಮ್ಮ ರಾತ್ರಿಯೇ ಇಟ್ಟದ್ದಂತೆ. "ಈಗ ತೆಗೆಯೆಡ, ಹಂದಿರೆ ನೀರಾವುತ್ತು," ಅಂದರು. ಅಲುಗಿದರೆ ಮೊಸರು ನೀರಾಗುತ್ತದಂತೆ. ಆ ದಿನ ಮಧ್ಯಾಹ್ನ ಮೊಸರು ಅವಲಕ್ಕಿ. ಎರಡನೇ ಪೆಟ್ಟಿಗೆಗೆ ಹಲಗೆ ಅಳತೆ ಮಾಡಿ ಇಟ್ಟಿದ್ದೇನೆ, ಸಿಪ್ಪೆ ಒಂದೂವರೆ ಗೋಣಿ ಇನ್ನೂ ಬಾಕಿ ಉಂಟು.